ಕೆಂಪು ಬಿಟ್ಟು ಉಳಿದದ್ದು

ಹನ್ನೆರಡು ವರ್ಷ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ರೋಗಿಗಳ ಫೈಲು ಜೋಡಿಸಿದವಳು ಹದಿಮೂರನೆಯ ವರ್ಷಕ್ಕೆ ಪ್ರಾಜೆಕ್ಟ್ ಮ್ಯಾನೇಜರ್ ಆದಳು ಎಂದರೆ ನಂಬುವವರು ಯಾರು? ಅವಳಿಗೇ ನಂಬಿಕೆ ಬಂದಿರಲಿಲ್ಲ. ಕಂಪನಿಯವರು ಕೊಟ್ಟ ಗುರುತಿನ ಚೀಟಿಯನ್ನು ಮೊದಲ ವಾರವೆಲ್ಲ ದಿನಕ್ಕೆ ನಾಲ್ಕು ಸಲ ತಿರುಗಿಸಿ ನೋಡಿಕೊಂಡಳು, ಎಲ್ಲಿ ಇನ್ನೊಬ್ಬರದ್ದು ತನ್ನ ಕೊರಳಿಗೆ ಬಂದುಬಿಟ್ಟಿದೆಯೋ ಎಂದು.

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಫೈಲಮ್ಮ ಎನ್ನುತ್ತಿದ್ದರು. ಅದರಲ್ಲಿ ಹಂಗಿಸುವುದಕ್ಕಿಂತ ಪ್ರೀತಿಯೇ ಹೆಚ್ಚಿತ್ತು. ಡಾಕ್ಟರು ಬಂದು, "ಆ ಸಿಡುಕು ಮುದುಕರು, ಹೋದ ವರ್ಷ ಮೊಣಕಾಲು ತೋರಿಸ್ಕೊಂಡು ಹೋದ್ರಲ್ಲ, ಅವರ ಫೈಲು" ಎಂದರೆ ಸಾಕು, ಎರಡು ನಿಮಿಷದಲ್ಲಿ ಧೂಳು ಕೊಡವಿ ಕೈಗಿಡುತ್ತಿದ್ದಳು. ಆ ಕೆಲಸ ಕೊಡಿಸಿದವಳು ಅಕ್ಕ. ಅಕ್ಕ ಅದೇ ಆಸ್ಪತ್ರೆಯ ಮೂರನೆಯ ವಾರ್ಡಿನ ಹಿರಿಯ ನರ್ಸು. ಅಮ್ಮ ತೀರಿಕೊಂಡಾಗ ಇವಳಿಗೆ ಎಂಟು, ಅಕ್ಕನಿಗೆ ಇಪ್ಪತ್ತೆರಡು. ಅಲ್ಲಿಂದಾಚೆಗೆ ಇವಳ ತಲೆ ಬಾಚಿದವಳು, ಬೈದವಳು, ಜ್ವರ ಬಂದರೆ ಹಣೆ ಮುಟ್ಟಿ ನೋಡಿದವಳು ಎಲ್ಲ ಅಕ್ಕನೇ. ತನ್ನ ಮದುವೆಯನ್ನು ಇವತ್ತು ನಾಳೆ ಎಂದು ಮುಂದಕ್ಕೆ ಹಾಕುತ್ತ ಹಾಕುತ್ತ ಅಕ್ಕ ಕೊನೆಗೆ ಅದನ್ನು ಮರೆತೇಬಿಟ್ಟಳು. ತಂಗಿ ಮದುವೆಯಾಗಿ ಎರಡು ಬೀದಿ ಆಚೆ ಸಂಸಾರ ಹೂಡಿದ ಮೇಲೂ ಅಕ್ಕನ ಮನೆಯ ಒಂದು ಬೀಗದ ಕೈ ಅವಳ ಚೀಲದಲ್ಲೇ ಇರುತ್ತಿತ್ತು. ಬಾಗಿಲು ತಟ್ಟಿ ಒಳಗೆ ಹೋಗುವ ನೆಂಟಸ್ತನ ಅವರದ್ದಲ್ಲ.

ಫೈಲು ರೂಮಿಗೆ ಸೇರಿದ ಮೊದಲ ದಿನವೇ ಅಕ್ಕ ಹೇಳಿಕೊಟ್ಟದ್ದು ಕೆಂಪು ಇಂಕಿನ ಕಟ್ಟಳೆ. ಯಾವುದಾದರೂ ಔಷಧ ಯಾರಿಗಾದರೂ ಒಗ್ಗದಿದ್ದರೆ ನರ್ಸುಗಳು ಅದನ್ನು ಆ ಫೈಲಿನ ಮೊದಲ ಹಾಳೆಯ ಬಲಮೂಲೆಯಲ್ಲಿ ಕೆಂಪು ಇಂಕಿನಲ್ಲಿ ಬರೆಯುತ್ತಿದ್ದರು. ಬೇರೆ ಯಾವುದನ್ನೂ ಯಾರೂ ಕೆಂಪಿನಲ್ಲಿ ಬರೆಯುವ ಹಾಗಿರಲಿಲ್ಲ.

"ಕೆಂಪು ಕಂಡ ತಕ್ಷಣ ಕೈ ನಿಲ್ಬೇಕು. ಡಾಕ್ಟರು ಬೈಲಿ, ಯಾರು ಬೇಕಾದ್ರೂ ಬೈಲಿ, ಕೈ ನಿಲ್ಬೇಕು" ಎಂದಿದ್ದಳು ಅಕ್ಕ.

ಈ ಕಟ್ಟಳೆ ಯಾವ ಸುತ್ತೋಲೆಯಲ್ಲೂ ಇರಲಿಲ್ಲ, ಯಾವ ಗೋಡೆಯ ಮೇಲೂ ಅಂಟಿಸಿರಲಿಲ್ಲ. ಹಳೆಯ ನರ್ಸಿನಿಂದ ಹೊಸ ನರ್ಸಿಗೆ ಬಾಯಿಂದ ಬಾಯಿಗೆ ಬಂದದ್ದು. ಕಾಗದದಲ್ಲಿ ಇಲ್ಲದ್ದು ಇಲ್ಲವೇ ಇಲ್ಲ ಎಂದು ನಂಬುವ ಜನ ಮುಂದೊಂದು ದಿನ ಆಸ್ಪತ್ರೆಗೆ ಕಾಲಿಡುತ್ತಾರೆ ಎಂದು ಪಾಪ ಅವರಿಗೇನು ಗೊತ್ತು.

ನಲವತ್ತು ದಾಟಿದ ಮೇಲೆ ಅವಳಿಗೆ ಓದಿನ ಹುಚ್ಚು ಹಿಡಿಯಿತು. ಸಂಜೆ ತರಗತಿಗೆ ಸೇರಿ, ಮನೆಯವರೆಲ್ಲ ಟೀವಿ ನೋಡುವಾಗ ಅಡುಗೆಮನೆಯಲ್ಲಿ ಕೂತು ಪುಸ್ತಕ ತಿರುವಿ, ಪ್ರಾಜೆಕ್ಟ್ ನಿರ್ವಹಣೆಯ ಪರೀಕ್ಷೆ ಪಾಸಾದಳು. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿಯೊಂದು ಸಂದರ್ಶನಕ್ಕೆ ಕರೆಯಿತು. ಐಟಿ ಅನುಭವ ಎಷ್ಟು ಎಂದರು. ಸೊನ್ನೆ ಎಂದಳು. ಅವರು ಮುಖ ಮುಖ ನೋಡಿಕೊಂಡು, "ಪರವಾಗಿಲ್ಲ, ನಿಮಗೆ ಆಸ್ಪತ್ರೆಯ ಒಳಹೊರಗು ಗೊತ್ತಲ್ಲ, ನಮಗೆ ಬೇಕಾಗಿರೋದು ಅದೇ" ಎಂದರು. ಆರು ತಿಂಗಳು ಪರೀಕ್ಷಾರ್ಥ ನೇಮಕ. ಮೊದಲ ಕೆಲಸ ಅವಳ ಹಳೆಯ ಆಸ್ಪತ್ರೆಯದ್ದೇ: ನಲವತ್ತು ಸಾವಿರ ಫೈಲುಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಸೇರಿಸುವುದು, ಕಾಗದವನ್ನು ಪೂರ್ತಿ ನಿಲ್ಲಿಸುವುದು. ಹೇಳಿದ ತಾರೀಖಿಗೆ ಶುರುವಾದರೆ ಕೆಲಸ ಕಾಯಂ. ಇಲ್ಲದಿದ್ದರೆ ಅವಳು ಬಿಟ್ಟು ಬಂದ ಕುರ್ಚಿಯೂ ಇಲ್ಲ. ಫೈಲು ರೂಮನ್ನು ಮುಚ್ಚಿಸಲು ಹೊರಟವಳೇ ಅವಳಲ್ಲವೇ?

ಹೊಸ ಆಫೀಸಿನಲ್ಲಿ ಗಾಜಿನ ಗೋಡೆ, ಗುಂಡಿ ಒತ್ತಿದರೆ ಕಾಫಿ, ಯಾರೂ ಏರುದನಿಯಲ್ಲಿ ಮಾತಾಡದ ಸಭ್ಯತೆ. ಅಲ್ಲಿನ ಭಾಷೆ ಕಲಿಯಲು ಅವಳಿಗೆ ಒಂದು ತಿಂಗಳು ಬೇಕಾಯಿತು. "ನೋಡೋಣ" ಎಂದರೆ ಆಗುವುದಿಲ್ಲ ಎಂದರ್ಥ. "ಖಂಡಿತ" ಎಂದರೆ ನೋಡೋಣ. "ಒಳ್ಳೆ ಪ್ರಶ್ನೆ" ಎಂದರೆ ಬಾಯಿ ಮುಚ್ಚು. ಅವಳ ಮೇಲಧಿಕಾರಿಯನ್ನು ಎಲ್ಲರೂ ದೊಡ್ಡವರು ಎಂದೇ ಕರೆಯುತ್ತಿದ್ದರು. ಕೋಪ ಮಾಡಿಕೊಳ್ಳದ, ಸದಾ ನಗುವ, ಒಳ್ಳೆಯ ಶರ್ಟು ಹಾಕುವ ಮನುಷ್ಯ. ಬೈಯುವವರನ್ನಾದರೂ ನಂಬಬಹುದು, ನಗುನಗುತ್ತಲೇ ಕುತ್ತಿಗೆ ಕೊಯ್ಯುವವರ ವಿಷಯದಲ್ಲಿ ಎಚ್ಚರ ಬೇಕು.

ಮೊದಲ ಸಭೆಯಲ್ಲಿ ಅವಳು, "ನಮ್ಮ ಫೈಲು ರೂಮಲ್ಲಿ ಹೆಂಗೆ ಅಂದ್ರೆ..." ಎಂದು ಬಾಯಿ ತೆರೆದಳು. ದೊಡ್ಡವರು ನಕ್ಕರು. "ಮೇಡಂ, ನೀವಿನ್ನೂ ನೆಲಮಾಳಿಗೆಯಿಂದ ಮೇಲೆ ಬಂದೇ ಇಲ್ಲ. ಲಿಫ್ಟ್ ಏನಾದ್ರೂ ಕೆಟ್ಟಿದೆಯಾ?"

ಎಲ್ಲರೂ ನಕ್ಕರು. ಅವಳೂ ನಕ್ಕಳು. ನಕ್ಕು ಮನೆಗೆ ಬಂದು ಬಚ್ಚಲಿನಲ್ಲಿ ನಲ್ಲಿ ತಿರುಗಿಸಿ ಅತ್ತಳು. ಮಾರನೆಯ ದಿನದಿಂದ ಆಸ್ಪತ್ರೆಯ ಮಾತು ಆಡುವುದನ್ನೇ ಬಿಟ್ಟಳು. ಪುಸ್ತಕದಲ್ಲಿ ಓದಿದ ದೊಡ್ಡ ದೊಡ್ಡ ಪದಗಳನ್ನು ಎರವಲು ತಂದು ಆಡಿದಳು. ಯಾವುದನ್ನು ನೋಡಿ ಕೆಲಸ ಕೊಟ್ಟರೋ ಅದನ್ನೇ ಹರಿದ ಸೆರಗಿನ ಹಾಗೆ ಮುಚ್ಚಿಟ್ಟುಕೊಂಡಳು. ಇಂಥ ದಡ್ಡತನ ಓದಿದವರಿಗಲ್ಲದೆ ಇನ್ಯಾರಿಗೂ ಬರುವುದಿಲ್ಲ.

ಸ್ಕ್ಯಾನಿಂಗಿನ ಸಭೆ ನಡೆದದ್ದು ಮೂರನೆಯ ತಿಂಗಳಲ್ಲಿ. ಸ್ಕ್ಯಾನ್ ಮಾಡುವ ಗುತ್ತಿಗೆದಾರ ಆಸ್ಪತ್ರೆಯ ಒಂದು ಹಾಳೆಯನ್ನು ಪರದೆಯ ಮೇಲೆ ತೋರಿಸಿದ. ಆ ಹಾಳೆಗಳಲ್ಲಿ ಗೆರೆ, ಚೌಕಗಳೆಲ್ಲ ಕೆಂಪು ಬಣ್ಣದಲ್ಲಿ ಅಚ್ಚಾಗಿದ್ದವು. ಅಕ್ಷರ ಓದುವ ಯಂತ್ರ ಆ ಗೆರೆಗಳಿಗೆ ಎಡವುತ್ತಿದೆ, ಕೆಲಸ ಕುಂಟುತ್ತಿದೆ ಎಂದ.

"ಒಂದು ಸುಲಭ ದಾರಿ ಇದೆ ಸರ್. ಯಂತ್ರಕ್ಕೆ ಕೆಂಪನ್ನೇ ಬಿಟ್ಟುಬಿಡು ಅಂತ ಹೇಳಿಬಿಡೋಣ. ಗೆರೆಯೆಲ್ಲ ಮಾಯ ಆಗತ್ತೆ, ನೀಲಿ ಕಪ್ಪು ಬರಹ ಮಾತ್ರ ಉಳಿಯತ್ತೆ. ಅರ್ಧ ಟೈಮಲ್ಲಿ ಮುಗಿಸಿ ಕೊಡ್ತೀನಿ."

ಗೆರೆಯೊಂದೇ ಅಲ್ಲ, ಬಲಮೂಲೆಯ ಬರಹವೂ ಹೋಗುತ್ತದೆ. ಆ ಕೋಣೆಯಲ್ಲಿದ್ದ ಒಂಬತ್ತು ಜನರಲ್ಲಿ ಅದು ಗೊತ್ತಿದ್ದವಳು ಅವಳೊಬ್ಬಳೇ. ಬಾಯಿ ತೆರೆದಳು. ಆಗ ಸರಿಯಾಗಿ ದೊಡ್ಡವರು ಅವಳತ್ತ ತಿರುಗಿ, "ಏನು ಮೇಡಂ, ಫೈಲು ರೂಮಿನ ಕಡೆಯಿಂದ ಏನಾದ್ರೂ ಆಕ್ಷೇಪಣೆ?" ಎಂದರು. ಅದೇ ನಗು. ಇಬ್ಬರು ಆಗಲೇ ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದರು.

"ಇಲ್ಲ ಸರ್" ಎಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಉಳಿದ ಮಾತಿನಿಂದ ಏನೇನು ಹೋಗುತ್ತದೆ ಎಂದು ಯಾವ ಗಾದೆಯೂ ಲೆಕ್ಕ ಇಟ್ಟಿಲ್ಲ.

ಹದಿನೈದು ದಿನ ಅವಳಿಗೆ ಅನ್ನ ರುಚಿಸಲಿಲ್ಲ. ಕೊನೆಗೆ ಸ್ಕ್ಯಾನ್ ಆದ ನೂರು ಫೈಲುಗಳನ್ನು ತಾನೇ ತೆರೆದು ಮೂಲ ಹಾಳೆಗಳ ಜೊತೆ ಹೋಲಿಸಿ ನೋಡಿದಳು. ಅದರಲ್ಲಿ ಹನ್ನೊಂದರ ಬಲಮೂಲೆಯಲ್ಲಿ ಕೆಂಪು ಬರಹ ಇರಬೇಕಿತ್ತು, ಒಂದರಲ್ಲೂ ಇರಲಿಲ್ಲ. ಹಾಳೆ ಅಚ್ಚುಕಟ್ಟಾಗಿ, ತೊಳೆದಿಟ್ಟ ತಟ್ಟೆಯ ಹಾಗಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಓದಲು ಏನೂ ಸಿಗದ ಜಾಗದಲ್ಲಿ "ಇಲ್ಲ" ಎಂದು ತುಂಬು ಎಂದು ಯಾರೋ ಯಂತ್ರಕ್ಕೆ ಕಲಿಸಿದ್ದರು. "ಒಗ್ಗದ ಔಷಧ: ಇಲ್ಲ" ಎಂದು ಹನ್ನೊಂದೂ ಕಡೆ ದಪ್ಪಕ್ಷರದಲ್ಲಿತ್ತು.

ದೊಡ್ಡವರ ಕೋಣೆಗೆ ಹೋಗಿ ಒಂದೇ ಉಸಿರಿಗೆ ಹೇಳಿದಳು. ಅವರು ನಗಲಿಲ್ಲ. ಅದೇ ಅವಳಿಗೆ ಹೆಚ್ಚು ಹೆದರಿಕೆ ತಂದಿತು.

"ಮತ್ತೆ ಸ್ಕ್ಯಾನ್ ಮಾಡೋಕೆ?"

"ಆರು ವಾರ ಬೇಕು ಸರ್."

"ತಾರೀಖಿಗೆ ಇರೋದು ಮೂರು ವಾರ." ಪೆನ್ನಿನ ಮುಚ್ಚಳ ಹಾಕಿದರು. "ಸಭೆಯಲ್ಲಿ ನೀವೇ ಇದ್ರಿ. ಆಕ್ಷೇಪಣೆ ಇಲ್ಲ ಅಂದ್ರಿ. ಈಗ ಮೇಲಿನವರಿಗೆ ನಾನು ಏನಂತ ಹೇಳಲಿ? ಅನುಭವ ಇಲ್ಲದವರನ್ನ ತಂದೆ, ಅವರಿಗೆ ಬಾಯಿ ಬರ್ಲಿಲ್ಲ ಅಂತಲಾ?"

ಅವಳು ತಲೆ ತಗ್ಗಿಸಿದಳು. ಅವರ ದನಿ ಮೆತ್ತಗಾಯಿತು. ಪ್ರಾಜೆಕ್ಟಿನ ಅಪಾಯಗಳ ಪಟ್ಟಿಗೆ ಇದನ್ನೂ ಸೇರಿಸಿ, ಸಂಭವ ಕಡಿಮೆ ಎಂದು ಬರೆಯಿರಿ, ಪರಿಹಾರಕ್ಕೆ ನರ್ಸುಗಳು ರೋಗಿಯನ್ನು ಬಾಯಿಮಾತಿನಲ್ಲಿ ಕೇಳಿಕೊಳ್ಳುತ್ತಾರೆ ಎಂದು ಹಾಕಿ, ತರಬೇತಿಯ ಹಾಳೆಗೂ ಆ ಒಂದು ಸಾಲು ಸೇರಿಸಿ ಎಲ್ಲರ ಸಹಿ ತೆಗೆದುಕೊಳ್ಳಿ, ಮುಗಿಯಿತು ಎಂದರು. ಕೆಂಪಿನ ವಿಷಯ ಯಾರ ಹತ್ತಿರವೂ ಎತ್ತಬೇಡಿ, ಸುಮ್ಮನೆ ಜನ ಗಾಬರಿಯಾಗುತ್ತಾರೆ.

ಅವಳು ಬರೆದಳು. ಪಟ್ಟಿಯಲ್ಲಿ ಅದು ನಲವತ್ತಮೂರನೆಯದು. ನಲವತ್ತೆರಡನೆಯದು ತರಬೇತಿಯ ದಿನ ಕುರ್ಚಿ ಸಾಲದೆ ಹೋಗಬಹುದು ಎಂಬುದು.

ಕುರ್ಚಿ ಸಾಲದೆ ಹೋಗಲಿಲ್ಲ. ಆಸ್ಪತ್ರೆಯ ಊಟದ ಹಾಲ್‌ನಲ್ಲಿ ಮೂವತ್ತು ನರ್ಸುಗಳು ಕೂತಿದ್ದರು. ಮುಂದಿನ ಸಾಲಿನಲ್ಲಿ ಅಕ್ಕ, ಮೂಗಿನ ತುದಿಗೆ ಕನ್ನಡಕ, ಮಡಿಲಲ್ಲಿ ಚಿಕ್ಕ ನೋಟ್‌ಬುಕ್ಕು. ತಂಗಿ ಮೈಕು ಹಿಡಿದು ನಿಂತದ್ದನ್ನು ನೋಡಿ ಪಕ್ಕದವಳ ಮೊಣಕೈ ತಿವಿಯುತ್ತಿದ್ದಳು. ಆ ಮುಖದಲ್ಲಿದ್ದ ಸಂಭ್ರಮವನ್ನು ನೋಡಲಾರದೆ ತಂಗಿ ಹಿಂದಿನ ಗೋಡೆಯತ್ತ ನೋಡುತ್ತ ಪಾಠ ಮುಗಿಸಿದಳು. ಗೋಡೆಯ ಹತ್ತಿರ ದೊಡ್ಡವರು ಕಾಗದದ ಲೋಟ ಹಿಡಿದು ನಿಂತಿದ್ದರು.

ಪ್ರಶ್ನೆಗಳಿವೆಯೇ ಎಂದಾಗ ಅಕ್ಕ ಎದ್ದು ನಿಂತಳು.

"ನಾವು ಕೆಂಪು ಇಂಕಲ್ಲಿ ಬರೆದಿರ್ತೀವಲ್ಲ ಮೇಡಂ, ಅದೆಲ್ಲ ಇದ್ರೊಳಗೆ ಬಂದಿದೆಯಾ?" ನಾಲ್ಕು ಜನರ ಮುಂದೆ ತಂಗಿಯನ್ನು ಮೇಡಂ ಎನ್ನುವುದು ಅಕ್ಕನಿಗೆ ಒಂದು ಹೆಮ್ಮೆಯ ತಮಾಷೆ.

ಗೋಡೆಯ ಹತ್ತಿರ ಲೋಟ ಅರ್ಧಕ್ಕೇ ನಿಂತಿತು.

"ಎಲ್ಲಾ ಫೈಲೂ ಸ್ಕ್ಯಾನ್ ಆಗಿದೆ" ಎಂದಳು ತಂಗಿ.

ಅದು ಸುಳ್ಳಲ್ಲ. ಒಂದು ಫೈಲೂ ಬಿಟ್ಟುಹೋಗಿರಲಿಲ್ಲ. ಸುಳ್ಳು ಹೇಳುವವರಾದರೂ ಒಳಗೊಳಗೆ ನಾಚುತ್ತಾರೆ. ಹೀಗೆ ನಿಜವನ್ನು ಅಡ್ಡ ಹಿಡಿದು ಹೇಳುವವರಿಗೆ ಆ ನಾಚಿಕೆಯೂ ಇರುವುದಿಲ್ಲ. ಅಕ್ಕ ಗೆದ್ದವಳಂತೆ ಸುತ್ತ ತಿರುಗಿ ನೋಡಿದಳು. "ಕೇಳಿದ್ರಲ್ಲ? ಇನ್ನು ಕಣ್ಣು ಮುಚ್ಕೊಂಡು ನಂಬಿ. ಮಾಡಿರೋದು ಯಾರು ಗೊತ್ತಲ್ಲ?" ಎಂದು ಹಾಳೆಯನ್ನು ಓದದೆಯೇ ಮೊದಲ ಸಹಿ ತಾನೇ ಹಾಕಿದಳು. ಅವಳು ಹಾಕಿದ ಮೇಲೆ ಉಳಿದವರೂ ಓದಲಿಲ್ಲ.

ತಾರೀಖಿಗೆ ಸರಿಯಾಗಿ ಎಲ್ಲ ಶುರುವಾಯಿತು. ಕೇಕು ಕತ್ತರಿಸಿದರು, ಫೋಟೋ ತೆಗೆದರು.

ಹದಿಮೂರನೆಯ ದಿನ ಮಧ್ಯಾಹ್ನ ಮೂರನೆಯ ವಾರ್ಡಿಗೆ ಶಾಲಾ ಬಸ್ಸಿನ ಡ್ರೈವರೊಬ್ಬ ಬಂದ. ಎದೆಯಲ್ಲಿ ಸೋಂಕು, ಸುಡುವ ಜ್ವರ, ಮಾತು ತಡವರಿಸುತ್ತಿತ್ತು. ಜೊತೆಗೆ ಬಂದವನು ಮನೆಯವನಲ್ಲ, ಇನ್ನೊಬ್ಬ ಡ್ರೈವರು. ಡಾಕ್ಟರು ಪೆನ್ಸಿಲಿನ್ ಬರೆದರು. ಅಕ್ಕ ಪರದೆ ನೋಡಿದಳು. ಒಗ್ಗದ ಔಷಧ: ಇಲ್ಲ. ಅವಳ ಕೈ ನಿಲ್ಲಲಿಲ್ಲ.

ಹತ್ತು ನಿಮಿಷದೊಳಗೆ ಅವನ ಗಂಟಲು ಕಟ್ಟಿತು, ಉಸಿರು ನಿಂತಿತು. ಎದೆ ಒತ್ತಿ ಉಸಿರು ವಾಪಸು ತಂದವಳೂ ಅಕ್ಕನೇ. ಅವನು ಬದುಕಿದ. ಆದರೆ ಮಾತು ಹೋಯಿತು, ಬಲಗೈ ಹೋಯಿತು. ಹೆಂಡತಿ ಎದುರಿಗೆ ಕೂತು ತನ್ನ ಹೆಸರು ಹೇಳಿ ಎಂದು ಕೇಳಿಕೊಳ್ಳುತ್ತಿದ್ದಳಂತೆ. ಅವನು ಮೇಲಿನ ಫ್ಯಾನು ನೋಡುತ್ತಿದ್ದನಂತೆ.

ವಿಚಾರಣೆಗೆ ನೆಲಮಾಳಿಗೆಯಿಂದ ಅವನ ಹಳೆಯ ಫೈಲು ತರಿಸಿದರು. ಮೊದಲ ಹಾಳೆಯ ಬಲಮೂಲೆಯಲ್ಲಿ ಕೆಂಪು ಇಂಕಿನಲ್ಲಿ, ದುಂಡಗೆ, ಒತ್ತಿ ಬರೆದಿತ್ತು: ಪೆನ್ಸಿಲಿನ್ ಕೊಡಲೇಬಾರದು. ಏಳು ವರ್ಷದ ಹಿಂದಿನ ತಾರೀಖು. ಅಕ್ಷರ ಅಕ್ಕನದು.

ಅಕ್ಕ ಆ ಹಾಳೆಯ ಮೇಲೆ ಕೈಯಿಟ್ಟಳು, ತೆಗೆಯಲಿಲ್ಲ. ಮೇಜಿನ ಆಚೆ ಆಸ್ಪತ್ರೆಯ ಮೂವರು ಹಿರಿಯರು, ಈಚೆ ದೊಡ್ಡವರು, ಅವರ ಪಕ್ಕದಲ್ಲಿ ತಂಗಿ. ಉಳಿದ ನರ್ಸುಗಳನ್ನು ಯಾರೂ ಕರೆದಿರಲಿಲ್ಲ. ದೊಡ್ಡವರು ತರಬೇತಿಯ ಹಾಳೆಯನ್ನು ಮೆಲ್ಲಗೆ ಮುಂದಕ್ಕೆ ಸರಿಸಿದರು. ಎಲ್ಲಕ್ಕಿಂತ ಮೇಲಿನ ಸಹಿ ಅಕ್ಕನದು. ಅದರ ಮೇಲಿನ ಸಾಲು ತಂಗಿ ಟೈಪು ಮಾಡಿದ್ದು: ರೋಗಿಯನ್ನು ಅಥವಾ ಮನೆಯವರನ್ನು ಬಾಯಿಮಾತಿನಲ್ಲೂ ಕೇಳಿ ಖಚಿತಪಡಿಸಿಕೊಳ್ಳುತ್ತೇನೆ.

"ಕೆಂಪು ಬರಹ ಬಂದಿಲ್ಲ ಅನ್ನೋದು ನಿಮಗೆ ಮೊದಲೇ ಗೊತ್ತಿತ್ತಾ?" ಎಂದು ಹಿರಿಯರೊಬ್ಬರು ತಂಗಿಯನ್ನು ಕೇಳಿದರು.

ಅವಳು ಉತ್ತರಿಸುವ ಮೊದಲೇ ದೊಡ್ಡವರು ಹೇಳಿದರು: "ಈಗಷ್ಟೇ ಗಮನಕ್ಕೆ ಬಂದಿದೆ ಸರ್. ಮೇಡಂ ಈ ಕ್ಷೇತ್ರಕ್ಕೆ ಹೊಸಬರು."

ಇಷ್ಟು ತಿಂಗಳು ಯಾವ ಅನುಭವದ ಕೊರತೆಗೆ ಹಂಗಿಸಿಕೊಂಡಿದ್ದಳೋ, ಅದೇ ಕೊರತೆ ಅವತ್ತು ಕೊಡೆಯ ಹಾಗೆ ಅವಳ ತಲೆಯ ಮೇಲೆ ಬಿಚ್ಚಿಕೊಂಡಿತು. ಅವಳು ಅದರಡಿ ನಿಂತಳು. ಹೌದೆಂದು ತಲೆಯಾಡಿಸಿದಳು.

"ಸಿಸ್ಟರ್, ತರಬೇತಿಯಲ್ಲಿ ನೀವು ಇದರ ಬಗ್ಗೆ ಏನಾದರೂ ಕೇಳಿದ್ರಾ?"

ಅಕ್ಕ ತಂಗಿಯನ್ನು ನೋಡಿದಳು. ಎಂಟು ವರ್ಷದ ಹುಡುಗಿ ಗಾಜಿನ ಲೋಟ ಒಡೆದು ಮೂಲೆಯಲ್ಲಿ ನಿಂತಾಗ ನೋಡುತ್ತಿದ್ದ ಅದೇ ನೋಟ.

"ಇಲ್ಲ ಸರ್. ಮನೆಯವರಿಗೆ ಫೋನ್ ಮಾಡಿ ಕೇಳ್ಬೇಕಿತ್ತು. ನಾನು ಕೇಳ್ಲಿಲ್ಲ. ತಪ್ಪು ನಂದೇ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೂವತ್ತನಾಲ್ಕು ವರ್ಷದ ಕೆಲಸವನ್ನು ಒಂದೂವರೆ ಪುಟದ ಕಾಗದದಲ್ಲಿ ಮುಗಿಸಿದರು. ನಿವೃತ್ತಿಗೆ ಎರಡು ವರ್ಷವಿತ್ತು. ಇನ್ನೆಲ್ಲೂ ನರ್ಸಾಗಿ ದುಡಿಯದಂತೆ ನೋಂದಣಿಯನ್ನೂ ತಡೆಹಿಡಿದರು.

ಅವತ್ತು ಸಂಜೆ ತಂಗಿ ಬೀಗ ತೆಗೆದು ಅಕ್ಕನ ಮನೆಯೊಳಗೆ ಹೋದಾಗ ಅಕ್ಕ ಬಿಳಿ ಸಮವಸ್ತ್ರಗಳನ್ನು ಇಸ್ತ್ರಿ ಮಾಡುತ್ತಿದ್ದಳು. ವಾಪಸು ಕೊಡಬೇಕಂತೆ, ಸುಕ್ಕು ಇರಬಾರದಂತೆ. ತಂಗಿಗೆ ಅಳು ಒತ್ತಿ ಬಂತು. "ಅಕ್ಕಾ, ಅವತ್ತು ನೀನು..." ಎಂದಳು.

"ಬಿಡೇ. ನಿಂಗೇನು ಗೊತ್ತಿತ್ತು ಪಾಪ. ಆ ಯಂತ್ರ ಒಳಗೊಳಗೇ ಕೆಂಪನ್ನ ತಿಂದ್ಹಾಕಿದ್ರೆ ಹೊಸಬಳಿಗೆ ಹೆಂಗೆ ಗೊತ್ತಾಗ್ಬೇಕು? ನಾನು ಕೇಳಿದ್ದೆ ಅಂದಿದ್ರೆ ನಿನ್ನ ಕೆಲಸಕ್ಕೂ ಕುತ್ತು. ನಂದು ಹೆಂಗಿದ್ರೂ ಮುಗಿಯೋ ಹೊತ್ತು, ನಿಂದು ಈಗ ಶುರು." ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿ, "ಆ ಮನುಷ್ಯನ ಮುಖ ಮಾತ್ರ ಕಣ್ಣಿಂದ ಹೋಗ್ತಿಲ್ಲ ಕಣೇ" ಎಂದಳು.

ಹೇಳಬೇಕಾದ ಹೊತ್ತು ಅದೇ. ಗೊತ್ತಿತ್ತು ಅಕ್ಕ, ನಂಗೆ ಎಲ್ಲಾ ಗೊತ್ತಿತ್ತು. ನಾಲ್ಕೇ ಪದ, ಐದೇ ಪದ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವಳ ಹಾಗೆ ನುಂಗಲೂ ಆಗದೆ ಉಗುಳಲೂ ಆಗದೆ ಕೂತಿದ್ದು, ಕೊನೆಗೆ ನುಂಗಿಯೇ ಎದ್ದಳು.

ಕೆಲಸ ಕಾಯಂ ಆಯಿತು. ಪ್ರಾಜೆಕ್ಟಿನಿಂದ ಕಲಿತ ಪಾಠಗಳು ಎಂಬ ವರದಿ ಬರೆಯಲು ಹೇಳಿದರು. ಮೂಲ ಕಾರಣ ಎಂಬ ಜಾಗದಲ್ಲಿ "ಬಳಕೆದಾರರ ಅಜಾಗರೂಕತೆ" ಎಂದು ದೊಡ್ಡವರೇ ಹೇಳಿ ಬರೆಸಿದರು. ನಲವತ್ತಮೂರನೆಯ ಅಪಾಯ "ಮುಕ್ತಾಯ" ಎಂದು ಪಟ್ಟಿಯ ಕೆಳಕ್ಕೆ ಹೋಯಿತು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವರು ಒಬ್ಬರು, ಉಂಡವರು ಇನ್ನೊಬ್ಬರು, ಕೈ ತೊಳೆದುಕೊಂಡವರು ಮತ್ತೊಬ್ಬರು.

ಮೂರು ತಿಂಗಳಾದ ಮೇಲೆ ಅವಳಿಗೆ ಎರಡು ದೊಡ್ಡ ಆಸ್ಪತ್ರೆಗಳ ಕೆಲಸ ಒಟ್ಟಿಗೆ ಬಂತು. ಮೊದಲ ಸಭೆಯಲ್ಲೇ ಅದೇ ಗುತ್ತಿಗೆದಾರ ಅದೇ ಮಾತು ಆಡಿದ: ಕೆಂಪು ಬಿಟ್ಟುಬಿಡೋಣ.

"ಬೇಡ" ಎಂದಳು. "ಬಣ್ಣದಲ್ಲೇ ಆಗಲಿ. ಎಷ್ಟು ದಿನ ಆದ್ರೂ ಆಗಲಿ. ನರ್ಸುಗಳು ಕೆಂಪಲ್ಲಿ ಏನೋ ಬರೆದಿರ್ತಾರೆ." ದೊಡ್ಡವರು ಎಲ್ಲರನ್ನೂ ಒಮ್ಮೆ ನೋಡಿ, "ನೋಡಿ, ಇದಕ್ಕೇ ಹೇಳೋದು ಅನುಭವ ಬೇಕು ಅಂತ" ಎಂದರು. ಯಾರೋ ಮೇಜು ತಟ್ಟಿದರು.

ನಾಚಿಕೆಗೇಡಿನ ವಿಷಯವೆಂದರೆ ಅವಳಿಗೆ ಖುಷಿಯಾಯಿತು. ತಾನು ಏನೋ ತೀರಿಸಿದೆ, ಇನ್ನು ತಲೆಯೆತ್ತಿ ನಡೆಯಬಹುದು ಎನ್ನಿಸಿತು. ಆಫೀಸಿನಿಂದ ನೇರ ಅಕ್ಕನ ಮನೆಗೆ ಹೋದಳು. ಬೀಗದ ಕೈ ತಿರುಗಿಸಿ ಒಳಗೆ ಬಂದಳು. ಅಕ್ಕ ಕಿಟಕಿಯ ಹತ್ತಿರ ಕೂತು ಬಟಾಣಿ ಸುಲಿಯುತ್ತಿದ್ದಳು. ಕೆಲಸವಿಲ್ಲದ ಕೈಗೆ ಈಗ ಏನಾದರೂ ಬೇಕೇ ಬೇಕು.

"ಅಕ್ಕಾ, ಇವತ್ತು ಏನಾಯ್ತು ಗೊತ್ತಾ? ಆ ಗುತ್ತಿಗೆದಾರ ಮತ್ತೆ ಕೆಂಪು ಬಿಟ್ಟುಬಿಡೋಣ ಅಂದ. ಎಲ್ಲರೂ ಹೂಂ ಅನ್ನೋರೇ. ಆದ್ರೆ ಈ ಸಲ ನಾನು ಬಾಯಿ ಮುಚ್ಕೊಂಡು ಕೂರ್ಲಿಲ್ಲ. ಎದುರಿಗೇ ಹೇಳ್ಬಿಟ್ಟೆ."

ಅಕ್ಕನ ಕೈ ನಿಂತಿತು.

"ಈ ಸಲ?" ಎಂದಳು.

ಅಕ್ಕ ಸಿಪ್ಪೆಯನ್ನು ಒಂದು ಕಡೆ, ಕಾಳನ್ನು ಒಂದು ಕಡೆ ಮಾಡಿದಳು. ನಿಧಾನವಾಗಿ, ಒಂದೂ ಕೆಳಗೆ ಬೀಳದ ಹಾಗೆ. ಆಮೇಲೆ ಎದ್ದು, ಬಟ್ಟಲು ಎತ್ತಿಕೊಂಡು ಅಡುಗೆಮನೆಗೆ ಹೋದಳು. ನಲ್ಲಿಯ ಸದ್ದಿನ ನಡುವೆ ಅವಳ ದನಿ ಕೇಳಿತು. ರೇಗಿದ ದನಿಯಲ್ಲ, ವಾರ್ಡಿನಲ್ಲಿ ಅಪರಿಚಿತರ ಹತ್ತಿರ ಮಾತಾಡುವಾಗಿನ ದನಿ.

"ಹೋಗುವಾಗ ಆ ಬೀಗದ ಕೈ ಮೇಜಿನ ಮೇಲೆ ಇಟ್ಟು ಹೋಗಿ ಮೇಡಂ."